ಸಿಗ್ನಲ್ ಸಿಗದ ಗಡಿಯಾರ

ಹನಾವ್, ಜರ್ಮನಿ
೫ ನವೆಂಬರ್ ೨೦೨೩

ಪ್ರೀತಿಯ ಅತ್ತಿಗೆಗೆ ಸುಮಾಳ ನಮಸ್ಕಾರ.

ಫೋನ್ ಸದ್ದು ಕೇಳಿದರೆ ಸಾಕು, ರಿಟೈರಾದದ್ದನ್ನೂ ಮರೆತು, ರೈಲ್ವೆ ಕಂಟ್ರೋಲ್ ಆಫೀಸಿನವರು ಡ್ಯೂಟಿಗೆ ಕರೆಯುತ್ತಿದ್ದಾರೆಂದು ಅಣ್ಣ ಬ್ಯಾಗು ಹುಡುಕಲು ಶುರು ಮಾಡುತ್ತಾನೆ, ಇನ್ನು ಮೇಲೆ ಕಾಗದವನ್ನೇ ಬರೆ ಎಂದಿರಲ್ಲ, ಹಾಗೇ ಆಗಲಿ. ಕೈಯಲ್ಲಿ ಕನ್ನಡ ಬರೆದು ಬಹಳ ಕಾಲವಾಯಿತು. ಅಕ್ಷರ ನೋಡಿ ನಗಬೇಡಿ.

ಇದರ ಜೊತೆ ಒಂದು ಗೋಡೆ ಗಡಿಯಾರ ಕಳಿಸಿದ್ದೇನೆ. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಪ್ರತಿ ಕೋಣೆಯಲ್ಲೂ ಇಂಥದ್ದೇ ಇದೆ. ಇದಕ್ಕೆ ಯಾರೂ ಟೈಮ್ ಇಡಬೇಕಾಗಿಲ್ಲ. ಇಲ್ಲಿ ಈ ಊರಿಗೆ ಹತ್ತಿರದಲ್ಲೇ ದೊಡ್ಡ ಕಂಬಗಳಿವೆ. ಸರಿಯಾದ ಸಮಯ ಅಲ್ಲಿಂದ ರೇಡಿಯೋ ಅಲೆಯಲ್ಲಿ ಹೊರಡುತ್ತದೆ, ಗಡಿಯಾರ ಅದನ್ನು ಹಿಡಿದು ತನ್ನ ಮುಳ್ಳನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಮನೆಯ ಗಡಿಯಾರಗಳನ್ನೆಲ್ಲ ನೀವೇ ತಿರುಗಿಸಿ ಇಡುತ್ತೀರಿ, ತನ್ನ ಡ್ಯೂಟಿ ತಪ್ಪಿಸುತ್ತಿದ್ದೀರಿ ಎಂದು ಅಣ್ಣ ಕೂಗಾಡುತ್ತಾನೆ ಎಂದು ಬರೆದಿದ್ದಿರಿ. ಇದನ್ನು ನೀವು ತಿರುಗಿಸಿದಿರಿ ಎಂದು ಅವನು ಹೇಳಲಾರ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ಅಷ್ಟು ವರ್ಷ ಡ್ರೈವರ್ ವಾಚಿಗೆ ತನ್ನ ವಾಚು ತಾಳೆ ನೋಡಿಯೇ ಗಾಡಿ ಬಿಡಿಸಿದವನು. ಹೊರಗಿನಿಂದ ಬಂದ ಸಮಯವನ್ನು ನಂಬುತ್ತಾನೆ.

ಸೆಲ್ ಹಾಕಿ ಕಿಟಕಿ ಪಕ್ಕ ಇಡಿ, ಅಷ್ಟೇ ಕೆಲಸ. ನಾನು ಹತ್ತಿರವಿದ್ದು ಮಾಡಬೇಕಾದ್ದನ್ನು ಒಂದು ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೇನೆ ಎಂದು ಬೇಜಾರಾಗಬೇಡಿ.

ನಿಮ್ಮ
ಸುಮಾ


ಗಂಗಾನಗರ, ಬೆಂಗಳೂರು
೨೮ ನವೆಂಬರ್ ೨೦೨೩

ಪ್ರೀತಿಯ ಸುಮಾ,

ಗಡಿಯಾರ ಬಂತು. ಡಬ್ಬಿಯ ಒಂದು ಮೂಲೆ ಜಜ್ಜಿಹೋಗಿತ್ತು, ಒಳಗಿನದಕ್ಕೆ ಏನೂ ಆಗಿಲ್ಲ. ನಿಮ್ಮಣ್ಣ ನನ್ನನ್ನು ಮುಟ್ಟಲೂ ಬಿಡದೆ ತಾವೇ ಸೆಲ್ ಹಾಕಿದರು. ಹಾಕಿದ್ದೇ ತಡ, ಮುಳ್ಳುಗಳು ಗಿರಗಿರನೆ ಓಡಿ ಹನ್ನೆರಡಕ್ಕೆ ಬಂದು ನಿಂತುಬಿಟ್ಟವು. ಅವರ ಮುಖ ನೀನು ನೋಡಬೇಕಿತ್ತು. "ಕೇಳಿಸ್ಕೊಳ್ತಾ ಇದೆ ಕಣೆ, ಸದ್ದು ಮಾಡ್ಬೇಡ" ಅಂದರು. ನಾನು ಅಡುಗೆಮನೆಯಲ್ಲಿ ಪಾತ್ರೆ ಕೂಡ ತೊಳೆಯದೆ ನಿಂತೆ.

ಆದರೆ ಸುಮಾ, ಅದು ಸುಮಾರು ಹೊತ್ತು ಹಾಗೇ ನಿಂತಿದ್ದು, ಆಮೇಲೆ ಹನ್ನೆರಡರಿಂದಲೇ ನಡೆಯಲು ಶುರು ಮಾಡಿತು. ಆಗಿನ್ನೂ ನಮ್ಮ ಬೆಳಗಿನ ತಿಂಡಿ ಆಗಿರಲಿಲ್ಲ. ಮಾರನೇ ದಿನ ಸರಿಹೋಗಬಹುದೆಂದು ಕಾದೆವು. ಸರಿಹೋಗಲಿಲ್ಲ. ಪಕ್ಕದ ಮನೆ ವನಿತಾ ಟೀಚರ್ ನಿನಗೆ ಗೊತ್ತಲ್ಲ, ಅವರು ಅದರ ಜರ್ಮನ್ ಚೀಟಿಯನ್ನು ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿ, ಹಿಂದಿನ ಗುಂಡಿ ಒತ್ತಿ, ಸರಿಯಾದ ಟೈಮಿಗೆ ತಂದು ಕೊಟ್ಟರು. ನಿಮ್ಮಣ್ಣ ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡಿದ್ದರು. ಟೀಚರ್ ಹೋದ ಮೇಲೆ ಸೆಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು. "ಇದು ತಿರುಗ್ಸಿದ್ದು. ಬಂದಿದ್ದಲ್ಲ" ಅಂದರು.

ನಮ್ಮ ಕಿಟಕಿಗೆ ಕಬ್ಬಿಣದ ಗ್ರಿಲ್ ಇದೆ, ಅದೇನಾದರೂ ತಡೆಯುತ್ತಿದೆಯೋ? ಗೋಡೆಯ ಆ ಕಡೆ ಫ್ರಿಜ್ ಇದೆ. ಹೆಬ್ಬಾಳದ ಕಡೆ ಮೆಟ್ರೋ ಕೆಲಸ ಬೇರೆ ನಡೆಯುತ್ತಿದೆ. ಏನು ಮಾಡಬೇಕೋ ಅಂಗಡಿಯವರನ್ನು ಕೇಳಿ ಬರಿ.

ಮಿಕ್ಕಂತೆ ನಿಮ್ಮಣ್ಣ ಆರಾಮಾಗಿದ್ದಾರೆ. ನೀನು ಚಿಂತೆ ಮಾಡಬೇಡ.

ಇಂತಿ
ಯಶೋಧಾ


ಹನಾವ್
೧೦ ಡಿಸೆಂಬರ್ ೨೦೨೩

ಅತ್ತಿಗೆ,

ಕಾಗದ ತಲುಪಿದ ದಿನವೇ ಅಂಗಡಿಗೆ ಹೋಗಿ ಕೇಳಿ ಬಂದೆ. ಗ್ರಿಲ್ ಪಕ್ಕ ಇಡಬಾರದಂತೆ. ಫ್ರಿಜ್, ಟಿವಿ, ಮೊಬೈಲ್ ಚಾರ್ಜರ್ ಯಾವುದೂ ಹತ್ತಿರ ಇರಬಾರದು. ಹೊಸ ಸೆಲ್ ಹಾಕಿ. ಪಶ್ಚಿಮಕ್ಕೋ ವಾಯವ್ಯಕ್ಕೋ ಮುಖ ಮಾಡಿ ಇಡಿ, ಏಕೆಂದರೆ ನಾವು ನಿಮಗೆ ಆ ದಿಕ್ಕಿನಲ್ಲಿದ್ದೇವೆ. ಹಿಂದುಗಡೆ ಸಣ್ಣ ತೂತಿದೆ, ಅದರೊಳಗೆ ಪಿನ್ನು ಒತ್ತಿದರೆ ಮತ್ತೆ ಮೊದಲಿನಿಂದ ಹುಡುಕಲು ಶುರು ಮಾಡುತ್ತದೆ. ದೂರ ಜಾಸ್ತಿ, ತಾಳ್ಮೆ ಬೇಕು.

ಅಣ್ಣನಿಗೆಂದು ಕೆಳಗೆ ನಾಲ್ಕು ಸಾಲು ಬರೆದಿದ್ದೇನೆ, ಹರಿದು ಅವನ ಕೈಗೆ ಕೊಡಿ. ಇಲ್ಲಿ ಚಳಿ ಶುರುವಾಗಿದೆ. ಬೇರೇನೂ ವಿಶೇಷವಿಲ್ಲ.

ಅಣ್ಣಾ, ಸಮಯ ಇಲ್ಲಿಂದ ಹೊರಟಿದೆ. ದಾರಿ ದೂರ. ಗಾಡಿ ಲೇಟಾದರೂ ಬಂದೇ ಬರುತ್ತದೆ ಎಂದು ನನ್ನನ್ನು ಯಶವಂತಪುರದ ಪ್ಲಾಟ್‌ಫಾರಂನಲ್ಲಿ ಕೂರಿಸಿಕೊಂಡು ಹೇಳುತ್ತಿದ್ದವನು ನೀನೇ. ಸಿಗ್ನಲ್ ಸಿಗುವ ಜಾಗ ನೋಡುತ್ತಾ ಇರು. ಅತ್ತಿಗೆಗೆ ತೊಂದರೆ ಕೊಡಬೇಡ. ನಿನ್ನ ಸುಮಿ.


ಗಂಗಾನಗರ
೪ ಜನವರಿ ೨೦೨೪

ಪ್ರೀತಿಯ ಸುಮಾ,

ನಿನ್ನ ನಾಲ್ಕು ಸಾಲಿನಿಂದ ದೊಡ್ಡ ಉಪಕಾರವಾಯಿತು. ಆ ಚೀಟಿ ಜೇಬಿನಿಂದ ಇಳಿದೇ ಇಲ್ಲ. ಸ್ನಾನಕ್ಕೆ ಕಳಿಸಬೇಕಾದರೂ ಅದನ್ನು ನಾನು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲಬೇಕು. ಮೊದಲು ಬ್ಯಾಗು ಹಿಡಿದು ಗೇಟಿನ ಹತ್ತಿರ ಹೋಗಿ ಬೀಗ ಅಲ್ಲಾಡಿಸುತ್ತಿದ್ದರಲ್ಲ, ಅದು ನಿಂತಿದೆ. ಈಗ ಅವರಿಗೆ ಒಂದು ಕೆಲಸವಿದೆ. ಗಡಿಯಾರವನ್ನು ರೂಮಿನಿಂದ ಹಾಲಿಗೆ, ಹಾಲಿನಿಂದ ಬಾಲ್ಕನಿಗೆ, ಅಲ್ಲಿಂದ ಟೆರೇಸಿಗೆ ಒಯ್ಯುತ್ತಾರೆ. ಪಿನ್ನು ಒತ್ತುತ್ತಾರೆ, ಮುಳ್ಳು ಓಡಿ ಹನ್ನೆರಡಕ್ಕೆ ಬಂದು ನಿಲ್ಲುತ್ತದೆ, ಮುಂದೆ ಕೂತು ಕಾಯುತ್ತಾರೆ. ಬಟ್ಟೆ ಒಣಹಾಕಲು ಬಂದ ವನಿತಾ ಟೀಚರ್ ಹತ್ತಿರ "ಇಲ್ಲಿ ಕಟ್ಟಡ ಜಾಸ್ತಿ ಆಗ್ಬಿಟ್ಟಿವೆ, ಅದಕ್ಕೇ ಬರ್ತಾ ಇಲ್ಲ" ಎಂದು ಎಷ್ಟು ಚೆನ್ನಾಗಿ ಮಾತಾಡಿದರಂತೆ. ಹಳೆಯ ನರೇಂದ್ರಣ್ಣನೇ ಸಿಕ್ಕಿದಂತಾಯಿತು ಎಂದು ಅವರಿಗೆ ಕಣ್ಣಲ್ಲಿ ನೀರು ಬಂತು.

ಆರ್.ಟಿ. ನಗರದ ಗಡಿಯಾರದ ಅಂಗಡಿಗೂ ಒಂದು ದಿನ ತೆಗೆದುಕೊಂಡು ಹೋಗಿದ್ದೆ. ನೋಡಿ, ಕೆಟ್ಟಿಲ್ಲ ಎಂದರು.

ನಿದ್ದೆ ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ. ಇನ್ನೇನಾದರೂ ಉಪಾಯ ಗೊತ್ತಾದರೆ ಬರಿ. ಗೊತ್ತಾಗದಿದ್ದರೂ ಬರಿ. ಪೋಸ್ಟ್‌ಮ್ಯಾನ್ ಬಂದನಾ ಎಂದು ದಿನಾ ಕೇಳುತ್ತಾರೆ.

ಯಶೋಧಾ


ಗಂಗಾನಗರ
೨ ಫೆಬ್ರವರಿ ೨೦೨೪

ಸುಮಾ,

ಅಕ್ಷರ ಬೇರೆಯಾಗಿದೆಯೆಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ವನಿತಾ ಟೀಚರ್ ಬರೆಯುತ್ತಿದ್ದಾರೆ. ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟಿಗೆ ಪೆಟ್ಟಾಗಿದೆ, ಪ್ಲಾಸ್ಟರ್ ಹಾಕಿದ್ದಾರೆ. ಅಡುಗೆಗೆ ವನಿತಾ ಸಹಾಯ ಮಾಡುತ್ತಿದ್ದಾರೆ.

ನಿಮ್ಮಣ್ಣ ಆರಾಮಾಗಿದ್ದಾರೆ. ಟೆರೇಸಿನಲ್ಲೂ ಸಿಗ್ನಲ್ ಸಿಗಲಿಲ್ಲವೆಂದು ಸ್ವಲ್ಪ ಬೇಜಾರು ಮಾಡಿಕೊಂಡಿದ್ದಾರೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ದಯವಿಟ್ಟು ಬೇಗ ಬರಿ.

ಯಶೋಧಾ


ಹನಾವ್
೧೫ ಫೆಬ್ರವರಿ ೨೦೨೪

ಅತ್ತಿಗೆ,

ಕೈ ಹೇಗಿದೆ? ನಮ್ಮ ವೃದ್ಧಾಶ್ರಮಕ್ಕೆ ಬರುವ ಹೆಂಗಸರಲ್ಲಿ ಕೆಲವರು ಗಂಡನನ್ನು ಸೇರಿಸಲು ಬಂದಾಗ ಕೈಗೆ ಪಟ್ಟಿ ಕಟ್ಟಿಕೊಂಡೇ ಬರುತ್ತಾರೆ, ಬಿದ್ದೆ ಎನ್ನುತ್ತಾರೆ. ನಿಮ್ಮ ಕಾಗದ ಓದಿದಾಗ ಅವರ ನೆನಪಾಯಿತು. ಛೆ, ಏನೇನೋ ಯೋಚನೆ. ಅಣ್ಣ ಇರುವೆಯನ್ನೂ ಹೊಸಕಿದವನಲ್ಲ. ಬಚ್ಚಲಿಗೆ ಒಂದು ರಬ್ಬರ್ ಮ್ಯಾಟ್ ಹಾಕಿಸಿ.

ಎರಡು ವಾರ ನೈಟ್ ಡ್ಯೂಟಿ ಇತ್ತು, ಅದಕ್ಕೇ ಬರೆಯಲಾಗಲಿಲ್ಲ. ಅವನಿಗೆ ಈ ಸಲ ದೊಡ್ಡದಾಗಿಯೇ ಬರೆದಿದ್ದೇನೆ. ಓದುತ್ತಾ ಕೂತರೆ ನಿಮಗೂ ಸ್ವಲ್ಪ ಬಿಡುವು ಸಿಗುತ್ತದೆ.

ಅಣ್ಣಾ, ನೀನು ಟೀಚರ್‌ಗೆ ಹೇಳಿದ್ದು ಸರಿ. ಕಟ್ಟಡ ಇದ್ದರೆ ಅಲೆ ತಡೆಯುತ್ತದೆ. ಸುತ್ತ ಏನೂ ಇಲ್ಲದ ಬಯಲಾದರೆ ಸಿಗುತ್ತಿತ್ತು. ಹೆಬ್ಬಾಳದಲ್ಲಿ ಹಳಿ ಪಕ್ಕ ನಮ್ಮ ರಾಗಿ ಹೊಲವಿತ್ತಲ್ಲ, ಅಂಥ ಬಯಲು. ಅಪ್ಪ ಕೊಯ್ಲು ಮಾಡುವಾಗ ನಾವಿಬ್ಬರೂ ಬದುವಿನ ಮೇಲೆ ಕೂತು ಗೂಡ್ಸ್ ಡಬ್ಬಿಗಳನ್ನು ಎಣಿಸುತ್ತಿದ್ದೆವು. ಕೊನೇ ಡಬ್ಬಿಯ ಗಾರ್ಡ್ ಹಸಿರು ಬಾವುಟ ತೋರಿಸಿದರೆ ನೀನು ಎದ್ದು ನಿಂತು ಕೈ ಎತ್ತುತ್ತಿದ್ದೆ. ಆ ಹೊಲದಲ್ಲಿ ಇಟ್ಟಿದ್ದರೆ ನಿನ್ನ ಗಡಿಯಾರಕ್ಕೆ ಸಮಯ ಖಂಡಿತ ಸಿಗುತ್ತಿತ್ತು. ನಾನು ಬಂದಾಗ ಇಬ್ಬರೂ ಹೋಗೋಣ. ಅಲ್ಲಿಯವರೆಗೆ ಅತ್ತಿಗೆ ಹೇಳಿದಂತೆ ಕೇಳು. ನಿನ್ನ ಸುಮಿ.


ಗಂಗಾನಗರ
೨೦ ಮಾರ್ಚ್ ೨೦೨೪

ಸುಮಾ,

ವನಿತಾ ಫೋನಿನಲ್ಲಿ ನಿನಗೆ ಎಲ್ಲ ಹೇಳಿದ್ದಾರೆ. ಆದರೂ ನಾನು ಬರೆಯಬೇಕು.

ಅವತ್ತು ಮಧ್ಯಾಹ್ನ ನಾನು ಮಲಗಿದ್ದಾಗ ನಿಮ್ಮಣ್ಣ ಹೊರಗೆ ಹೋಗಿದ್ದಾರೆ. ಎದ್ದು ನೋಡಿದರೆ ಮನೆಯಲ್ಲಿಲ್ಲ. ಓಣಿಯವರೆಲ್ಲ ಹುಡುಕಿದರು. ಸಂಜೆ ಪೊಲೀಸರು ಬಂದರು. ಹೆಬ್ಬಾಳ ಸ್ಟೇಷನ್ ದಾಟಿ ಸ್ವಲ್ಪ ದೂರದಲ್ಲಿ, ಗೂಡ್ಸ್ ಗಾಡಿ. ನನಗೆ ಮುಖ ಮಾತ್ರ ತೋರಿಸಿದರು. ಮುಖಕ್ಕೆ ಏನೂ ಆಗಿರಲಿಲ್ಲ.

ಮಾರನೇ ದಿನವೇ ಮುಗಿಸಬೇಕಾಯಿತು, ಇಟ್ಟುಕೊಳ್ಳುವ ಹಾಗಿರಲಿಲ್ಲ. ಹಾಲುತುಪ್ಪ, ತಿಥಿ ಎಲ್ಲ ದೊಡ್ಡಪ್ಪನ ಮಕ್ಕಳು ನಿಂತು ಮಾಡಿದರು. ರಜೆ ಸಿಗಲಿಲ್ಲವೆಂದು ನಿನಗೆ ಬರಲಾಗಲಿಲ್ಲ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ನೀನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಡ್ಯೂಟಿಗೆ ಹೋಗಬೇಕೆನ್ನುವ ಹಳೆಯ ಹಟವೇ ಮತ್ತೆ ಬಂದಿತ್ತೆಂದು ಕಾಣುತ್ತದೆ.

ಯಶೋಧಾ


ಹನಾವ್
೭ ಏಪ್ರಿಲ್ ೨೦೨೪

ಅತ್ತಿಗೆ,

ನನಗೆ ರಜೆ ಸಿಕ್ಕಿತ್ತು. ಕೇಳಿದ ಕೂಡಲೇ ಕೊಟ್ಟರು. ಟಿಕೆಟ್ ತೆಗೆದುಕೊಂಡು ಏರ್‌ಪೋರ್ಟಿಗೂ ಹೋಗಿದ್ದೆ. ಒಳಗೆ ಹೋಗುವ ಬಾಗಿಲಲ್ಲಿ ಕಾಲು ಬರಲಿಲ್ಲ. ವಿಮಾನ ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದು ಮನೆಗೆ ವಾಪಸು ಬಂದೆ.

ಫೋನಿನಲ್ಲಿ ವನಿತಾ ಟೀಚರ್ ಒಂದು ಮಾತು ಹೇಳಿದರು. ಹಳಿಯ ಹತ್ತಿರ ಗಡಿಯಾರವೂ ಬಿದ್ದಿತ್ತು ಎಂದು. ಅದನ್ನು ನೀವು ಕಾಗದದಲ್ಲಿ ಬರೆದಿಲ್ಲ. ಡ್ಯೂಟಿಗೆ ಹೋಗುವವನು ಬ್ಯಾಗು ಹಿಡಿದು ಹೋಗುತ್ತಾನೆ ಅತ್ತಿಗೆ, ಗೋಡೆ ಗಡಿಯಾರ ಹಿಡಿದು ಹೋಗುವುದಿಲ್ಲ.

ಡಿಸೆಂಬರಿನಲ್ಲಿ ಅಂಗಡಿಗೆ ಹೋದಾಗ, ಯಾವ ಊರಿನಲ್ಲಿ ಇಟ್ಟಿದ್ದೀರಿ ಎಂದು ಅಂಗಡಿಯವನು ಕೇಳಿದ. ಬೆಂಗಳೂರು ಎಂದೆ. ಅವನಿಗೆ ನಗು ಬಂತು. ಈ ಕಂಬಗಳ ಅಲೆ ಯುರೋಪು ದಾಟಿ ಸ್ವಲ್ಪ ದೂರ ಹೋಗಿ ಕ್ಷೀಣಿಸುತ್ತದಂತೆ. ಭಾರತಕ್ಕೆ ಬರುವುದೇ ಇಲ್ಲ. ಬಂದಿದ್ದರೂ ಗಡಿಯಾರ ಇಲ್ಲಿನ ಗಂಟೆಯನ್ನೇ ತೋರಿಸುತ್ತಿತ್ತು, ಅದು ಕೂಡ ನನಗೆ ಹೊಳೆದಿರಲಿಲ್ಲ. ಗ್ರಿಲ್ ವಿಷಯ, ದಿಕ್ಕಿನ ವಿಷಯ, ಪಿನ್ನಿನ ವಿಷಯ ಎಲ್ಲ ಇಲ್ಲಿಯ ಮನೆಗಳಿಗೆ ಹೇಳುವ ಮಾತು. ಅದನ್ನೇ ನಿಮಗೆ ಬರೆದೆ. ತಪ್ಪಾಯಿತು, ಗಡಿಯಾರವನ್ನು ಬಿಸಾಡಿ ಎಂದು ಬರೆಯಲು ಕೂತಿದ್ದೆ. ದುಡುಕಿ ದೂರದಿಂದ ಏನೋ ಕಳಿಸಿ ಕೈತೊಳೆದುಕೊಂಡಳು ಎಂದು ನಿಮಗನಿಸೀತು ಎಂದು ನಾಚಿಕೆಯಾಯಿತು. ಆಮೇಲೆ ಜನವರಿಯ ನಿಮ್ಮ ಕಾಗದ ಬಂತು. ಅವನು ಗೇಟಿನ ಹತ್ತಿರ ಹೋಗುವುದಿಲ್ಲ, ಅವನಿಗೆ ಒಂದು ಕೆಲಸವಿದೆ ಎಂದು ಬರೆದಿದ್ದಿರಿ. ಹಾಗಿದ್ದರೆ ಇರಲಿ, ಅವನಿಗೆ ನೆಮ್ಮದಿ ಸಿಗುತ್ತಿದೆಯಲ್ಲ ಎಂದುಕೊಂಡೆ.

ಹೊಲದ ವಿಷಯ ಬರೆದ ದಿನ ನನಗೆ ಊರು ತುಂಬಾ ನೆನಪಾಗಿತ್ತು. ಅಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆಯೆಂದು ಗೊತ್ತು. ಬರೆಯುವಾಗ ಅದು ಕಣ್ಣಿಗೆ ಬರಲೇ ಇಲ್ಲ. ಹೊಲ ಮಾತ್ರ ಬಂತು.

ಅವನು ನನ್ನ ಕಾಗದ ನಂಬಿ ಹೋದನೇ? ನನಗೆ ನಿಜ ಬೇಕು. ನೀವು ಬಾ ಎಂದರೆ ಈ ಸಲ ಬರುತ್ತೇನೆ.

ಸುಮಾ


ಗಂಗಾನಗರ
೨೬ ಮೇ ೨೦೨೪

ಸುಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ನಿಜ ಕೇಳಿದ್ದೀಯ. ಬರೆಯುತ್ತೇನೆ.

ನಾನು ಬಚ್ಚಲಲ್ಲಿ ಬಿದ್ದಿರಲಿಲ್ಲ. ಟೆರೇಸಿನಲ್ಲೂ ಸಿಗ್ನಲ್ ಸಿಗದಿದ್ದ ದಿನ, ನಾನೇ ಏನೋ ಮಾಡಿದ್ದೇನೆ ಎಂದು ನನ್ನ ಕೈ ತಿರುಚಿದರು. ಬಿಡಿಸಿಕೊಳ್ಳುವಾಗ ಮೂಳೆ ಹೋಯಿತು. ಅದು ಮೊದಲನೆಯ ಸಲವೂ ಅಲ್ಲ. ಗಡಿಯಾರ ಸರಿಯಾಗುವವರೆಗೂ ಊಟ ಬೇಡ ಎನ್ನುತ್ತಿದ್ದರು. ಅವರು ಮಲಗುತ್ತಿರಲಿಲ್ಲ, ನನ್ನನ್ನೂ ಮಲಗಲು ಬಿಡುತ್ತಿರಲಿಲ್ಲ. ಇದನ್ನೆಲ್ಲ ನಿನಗೆ ಬರೆದರೆ, ನಿನ್ನ ಮನಸ್ಸಿನಲ್ಲಿ ಇರುವ ಅಣ್ಣನನ್ನು ನಾನು ಕಿತ್ತುಕೊಂಡಂತಾಗುತ್ತಿತ್ತು. ನೀನು ಒಬ್ಬಳಾದರೂ ಅವರನ್ನು ಮೊದಲಿನ ಹಾಗೆ ನೆನೆಸಿಕೊಳ್ಳಲಿ ಎಂದು ಆರಾಮಾಗಿದ್ದಾರೆ, ಆರಾಮಾಗಿದ್ದಾರೆ ಎಂದೇ ಬರೆದೆ.

ಆರ್.ಟಿ. ನಗರದ ಅಂಗಡಿಯವರು ಕೆಟ್ಟಿಲ್ಲ ಎಂದದ್ದು ನಿಜ. ಇಲ್ಲಿ ಇದಕ್ಕೆ ಟೈಮ್ ಬರಲ್ಲಮ್ಮ, ಸುಮ್ಮನೆ ಗುಂಡಿ ಒತ್ತಿ ಇಟ್ಕೊಳ್ಳಿ ಎಂದೂ ಹೇಳಿದ್ದರು. ಆ ಅರ್ಧ ನಾನು ಬರೆಯಲಿಲ್ಲ. ಬರೆದರೆ ನಿನ್ನ ಕಾಗದ ನಿಲ್ಲುತ್ತಿತ್ತು. ನಿನ್ನ ಕಾಗದ ಬಂದ ದಿನ ಮಾತ್ರ ಅವರು ಒಂದಿಷ್ಟು ಹೊತ್ತು ಸಮಾಧಾನದಿಂದ ಕೂರುತ್ತಿದ್ದರು, ನಾನು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ.

ಹೊಲದ ಕಾಗದ ಬಂದ ಮೇಲೆ ಬೇರೆ ಮಾತೇ ಇಲ್ಲ. ಅಲ್ಲಿ ಹೊಲ ಇಲ್ಲ, ಮನೆ ಕಟ್ಟಿದ್ದಾರೆ ಎಂದರೆ, "ಸುಮಿ ಸುಳ್ಳು ಬರಿಯಲ್ಲ" ಎಂದರು. ಅವತ್ತು ಮಧ್ಯಾಹ್ನ ಊಟದ ತಟ್ಟೆ ಸರಿಸಿ, ನನ್ನ ಮುಂದೆ ಕೈಮುಗಿದು ನಿಂತರು. ಹೊಡೆದಿದ್ದರೆ ನಾನು ಗೇಟು ತೆಗೆಯುತ್ತಿರಲಿಲ್ಲ. "ಒಂದ್ಸಲ ಬಿಡು ಯಶೋಧಾ. ಟೈಮ್ ತಗೊಂಡು ಬಂದ್ಬಿಡ್ತೀನಿ" ಎಂದರು. ಹೆಸರು ಹಿಡಿದು ಕರೆದು ಎಷ್ಟು ತಿಂಗಳಾಗಿತ್ತೋ. ನಾನೇ ಬೀಗ ತೆಗೆದೆ. ಹುಷಾರಾಗಿ ಹೋಗಿ ಬನ್ನಿ ಎಂದೆ. ಓಣಿಯ ತಿರುವಿನವರೆಗೂ ನೋಡಿದೆ. ಜೊತೆಗೆ ಹೋಗಬಹುದಿತ್ತು. ಹೋಗಲಿಲ್ಲ. ಒಳಗೆ ಬಂದು ಮಲಗಿದೆ. ಅಷ್ಟು ಒಳ್ಳೆಯ ನಿದ್ದೆ ನನಗೆ ಈ ವರ್ಷದಲ್ಲಿ ಬಂದಿರಲಿಲ್ಲ ಸುಮಾ.

ಹಳಿಯ ಪಕ್ಕ ಟೀ ಅಂಗಡಿ ಇಟ್ಟಿರುವ ಕಾಡಪ್ಪ ಎನ್ನುವವರು ಅವರನ್ನು ಕೊನೆಯಲ್ಲಿ ನೋಡಿದ್ದು. ಮೊದಲು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಸೆಕ್ಯೂರಿಟಿಯವನ ಹತ್ತಿರ ನಮ್ಮ ಹೊಲದ ದಾರಿ ಕೇಳಿದರಂತೆ. ಅವನು ಗದರಿ ಕಳಿಸಿದ. ಅಲ್ಲಿಂದ ಟೀ ಅಂಗಡಿಗೆ ಬಂದು ಸುತ್ತಲೂ ನೋಡಿದರಂತೆ. ಎಲ್ಲ ಕಡೆ ಕಟ್ಟಡ. "ಇಲ್ಲಿ ಬಯ್ಲು ಅನ್ನೋದು ಅದೊಂದೇ ಐತಲ್ಲಪ್ಪಾ ಅಂತ ಹಳಿ ಕಡೆ ತೋರ್ಸುದ್ರು ಕಣಮ್ಮ. ಇಂಗೆ ತಬ್ಕೊಂಡಿದ್ರು ಗಡಿಯಾರಾನ" ಎಂದು ಕಾಡಪ್ಪ ಹೇಳಿದರು. ನಿಮ್ಮಣ್ಣ ಡ್ಯೂಟಿಗೆ ಹೋಗಲಿಲ್ಲ. ನೀನು ಬರೆದ ಬಯಲಿಗೆ ಹೋದರು. ಬೀಗ ತೆಗೆದವಳು ನಾನು. ನೀನು ಕೇಳಿದ್ದಕ್ಕೆ ಇಷ್ಟೇ ಉತ್ತರ.

ಹೋದ ವಾರ ಒಬ್ಬ ಹುಡುಗ ಮನೆ ಹುಡುಕಿಕೊಂಡು ಬಂದಿದ್ದ. ಶಿವಶರಣಪ್ಪ ಎಂದು ಹೆಸರು, ಕಲಬುರಗಿ ಕಡೆಯವನು. ಅವತ್ತಿನ ಗಾಡಿಯ ಡ್ರೈವರ್. ಒಳಗೆ ಬಾ ಎಂದರೂ ಬರದೆ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದ. "ಹಾರ್ನ್ ಹೊಡದೆ ರೀ ಅಮ್ಮಾ. ಅವರು ತಿರುಗಿ ನೋಡಿ ಕೈ ಎತ್ತಿದ್ರು. ನಮ್ಮ ಗಾರ್ಡ್ ಮಂದಿ ಎಲ್ಲಾ ಸರಿ ಐತಿ ಅಂತ ಎತ್ತತಾರಲ್ಲ, ಹಂಗ. ಸರೀತಾರ ಅನ್ಕೊಂಡೆ. ಬ್ರೇಕ್ ಹಾಕೋದು ತಡ ಆತು" ಎಂದ.

ಅವನನ್ನು ಕೂರಿಸಿ ಕಾಫಿ ಕೊಟ್ಟೆ. ಅವರಿಗೆ ಕಾಯಿಲೆ ಇತ್ತು ಕಣಪ್ಪ, ನಿನ್ನದೇನೂ ತಪ್ಪಿಲ್ಲ ಎಂದೆ. ಅವನು ಮೊಣಕಾಲಿಗೆ ಮುಖ ಹಚ್ಚಿ ಅತ್ತ. ನಾನು ತಲೆ ಸವರಿದೆ. ಆ ಮಾತು ಹೇಳಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ.

ಅವನು ಹೋದ ಮೇಲೆ, ತಪ್ಪಿಲ್ಲ ಎನ್ನುವ ಅದೇ ಮಾತನ್ನು ನಿನಗೆ ಬರೆಯೋಣವೆಂದು ಕೂತೆ. ಬರೆದೆ, ಹರಿದೆ. ಮತ್ತೆ ಬರೆದೆ. ನಿನ್ನ ಹೆಸರಿನ ಮುಂದೆ ಆ ಮಾತು ನಿಲ್ಲುತ್ತಿಲ್ಲ. ನನ್ನ ಹೆಸರಿನ ಮುಂದೆಯೂ ನಿಲ್ಲುತ್ತಿಲ್ಲ. ಯಾವಾಗಲಾದರೂ ಬರೆಯಲು ಸಾಧ್ಯವಾದರೆ ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ನೀನು ಬರಬೇಡ, ಕಾಗದವನ್ನೂ ಹಾಕಬೇಡ.

ಯಶೋಧಾ